ಬಾಟಲಿಯಲ್ಲಿ ಬೆರೆಸಿದರೆ ಸರಿ, ಪಂಪ್ ಬೆರೆಸಿದರೆ ಪ್ರೆಶರ್ ಏರಿಳಿತ: ಯಾಕೆ?

ಪ್ರಶ್ನೆ: ನಮ್ಮ ಕ್ವಾಟರ್ನರಿ ಎಚ್‌ಪಿಎಲ್‌ಸಿಯಲ್ಲಿ (ನಾಲ್ಕರವರೆಗೆ ದ್ರಾವಕ ಬೆರೆಸಿ ಹರಿಸುತ್ತ ಮಾದರಿಯ ಘಟಕಗಳನ್ನು ಬೇರ್ಪಡಿಸುವ ಯಂತ್ರ) ನೀರು, ಮೆಥನಾಲ್ ಎರಡನ್ನೂ ಒಂದೇ ಬಾಟಲಿಯಲ್ಲಿ ಬೆರೆಸಿಟ್ಟು ಓಡಿಸಿದರೆ ಪ್ರೆಶರ್ ಅಲುಗಾಡುವುದಿಲ್ಲ. ಎ, ಬಿ ಲೈನ್‌ಗಳಿಂದ 50:50 ತೆಗೆದುಕೊಳ್ಳಲು ಬಿಟ್ಟರೆ ಏರಿಳಿತ ಶುರು. ಚೆಕ್ ವಾಲ್ವ್ (ದ್ರವ ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟ) ಬದಲಿಸಬೇಕೇ?

ಸದ್ಯಕ್ಕೆ ಬೇಡ, ಅದೇನು ಅಗ್ಗದ ಸಾಮಾನಲ್ಲ. ಚೆಕ್ ವಾಲ್ವೋ ಪಿಸ್ಟನ್ ಸೀಲೋ ಹೋಗಿದ್ದರೆ ಬೆರೆಸಿಟ್ಟ ದ್ರಾವಣದಲ್ಲೂ ಬಹುಮಟ್ಟಿಗೆ ಅದೇ ಕಾಟ ಇರುತ್ತಿತ್ತು. ಅದೂ ಪಿಸ್ಟನ್ನಿನ ಪ್ರತಿ ಹೊಡೆತಕ್ಕೆ ಒಂದರಂತೆ, ಲೆಕ್ಕವಿಟ್ಟ ಹಾಗೆ. ಗೊತ್ತುಗುರಿಯಿಲ್ಲದೆ ಕುಸಿದು ಏಳುವ ಗೆರೆ ಕಂಡರೆ ಮೊದಲ ಅನುಮಾನ ಗಾಳಿಯ ಮೇಲೆ.

ನೀರಿನಲ್ಲೂ ಮೆಥನಾಲಿನಲ್ಲೂ ಗಾಳಿ ಕರಗಿರುತ್ತದೆ. ಎರಡೂ ಕೂಡಿದಾಗ ಅಷ್ಟೂ ಗಾಳಿಯನ್ನು ಹಿಡಿದಿಡುವ ಶಕ್ತಿ ಮಿಶ್ರಣಕ್ಕಿಲ್ಲ. ಬಾಟಲಿಯಲ್ಲಿ ಬೆರೆಸಿದಾಗ ಗಾಜಿಗೆ ಸಣ್ಣ ಗುಳ್ಳೆಗಳು ಅಂಟಿಕೊಳ್ಳುತ್ತವಲ್ಲ, ಅದೇ ಇದು. ಕ್ವಾಟರ್ನರಿ ಪಂಪಿನಲ್ಲಿ ದ್ರಾವಕಗಳು ಸೇರುವುದು ಪಂಪ್ ಹೆಡ್‌ಗಿಂತ ಮೊದಲು, ಪ್ರಮಾಣಕ್ಕೆ ತಕ್ಕಂತೆ ಒಂದೊಂದು ದ್ರಾವಕ ಬಿಡುವ ಪ್ರಪೋರ್ಷನಿಂಗ್ ವಾಲ್ವಿನಲ್ಲಿ. ಗುಳ್ಳೆ ಅಲ್ಲೇ ಎದ್ದು, ಪಿಸ್ಟನ್ ಇರುವ ಹೆಡ್ ಸೇರುತ್ತದೆ. ಪಿಸ್ಟನ್ ದ್ರವ ತಳ್ಳುವ ಬದಲು ಗಾಳಿ ಅದುಮುತ್ತ ಕೂರುತ್ತದೆ. ಹಾಗಾಗಿ ನೋಡಬೇಕಾದದ್ದು ದ್ರಾವಕದಿಂದ ಗಾಳಿ ತೆಗೆಯುವ ಡಿಗ್ಯಾಸರ್.

ಖಚಿತಪಡಿಸಿಕೊಳ್ಳಲು ಎ, ಬಿ ಎರಡೂ ಲೈನ್‌ಗಳನ್ನು ಒಂದೇ ನೀರಿನ ಬಾಟಲಿಗೆ ಇಳಿಸಿ 50:50 ಓಡಿಸಿ. ಏರಿಳಿತ ನಿಂತರೆ ಗಾಳಿಯೇ ಕಾರಣ ಎನ್ನಬಹುದು. ನಿಲ್ಲದಿದ್ದರೆ ಎ ಮಾತ್ರ, ಆಮೇಲೆ ಬಿ ಮಾತ್ರ ನೂರಕ್ಕೆ ನೂರು ಓಡಿಸಿ. ತೊಂದರೆ ಕೊಡುವ ಲೈನಿನ ಬಾಟಲಿ ಫಿಲ್ಟರ್ ಕಳಚಿ ನೋಡಿ, ಪಾಚಿ ಕಟ್ಟಿರುವುದು ಅಪರೂಪವಲ್ಲ.

ಒಂದು ಎಚ್ಚರ: ಗ್ರೇಡಿಯಂಟ್ (ಓಟದ ಉದ್ದಕ್ಕೂ ದ್ರಾವಕಗಳ ಪ್ರಮಾಣ ಬದಲಿಸುತ್ತ ಹೋಗುವುದು) ನಡುವೆ ಪ್ರೆಶರ್ ನಿಧಾನವಾಗಿ ಗುಡ್ಡದಂತೆ ಏರಿಳಿದರೆ ಅದು ದೋಷವಲ್ಲ. ದ್ರವದ ಸ್ನಿಗ್ಧತೆ, ಅಂದರೆ ಹರಿಯಲು ಒಡ್ಡುವ ತಡೆ, ಹೆಚ್ಚಿದಷ್ಟೂ ಪ್ರೆಶರ್ ಏರುತ್ತದೆ. 25 ಡಿಗ್ರಿಯಲ್ಲಿ ನೀರಿನ ಸ್ನಿಗ್ಧತೆ ಸುಮಾರು 0.9 ಸೆಂಟಿಪಾಯ್ಸ್, ಮೆಥನಾಲಿನದು 0.55, ಅರ್ಧಕ್ಕರ್ಧ ಬೆರೆತಾಗ 1.5ರ ಆಸುಪಾಸು.

ಇನ್ನು ಪ್ರೆಶರ್ ನೆಟ್ಟಗಿದ್ದೂ ರಿಟೆನ್ಷನ್ ಟೈಮ್ (ಘಟಕ ಕಾಲಮ್‌ನಿಂದ ಹೊರಬರಲು ಹಿಡಿಯುವ ಸಮಯ) ಜಾರುತ್ತಿದ್ದರೆ ಬೆರೆಸುವ ಪ್ರಮಾಣವೇ ತಪ್ಪಿರಬಹುದು. ಘಟಕಗಳು ಬೇರ್ಪಡುವ ನಳಿಕೆಯಾದ ಕಾಲಮ್ ತೆಗೆದು ಆ ಜಾಗಕ್ಕೆ ಸಣ್ಣ ರಂಧ್ರದ ಉದ್ದ ಟ್ಯೂಬ್ ಜೋಡಿಸಿ. ಎ ಲೈನಿಗೆ ನೀರು, ಬಿ ಲೈನಿಗೆ 0.1% ಅಸಿಟೋನ್ ಬೆರೆಸಿದ ನೀರು. ಅಸಿಟೋನ್ ಹೀರುವ ಬೆಳಕನ್ನು ಅಳೆಯುವ ಡಿಟೆಕ್ಟರ್ 265 ನ್ಯಾನೋಮೀಟರ್. ಬಿ ಅನ್ನು 10%ರಂತೆ ಏರಿಸುತ್ತ ಹೋದರೆ ಡಿಟೆಕ್ಟರಿನ ಗೆರೆಯಲ್ಲಿ ಮೆಟ್ಟಿಲುಗಳು ಒಂದೇ ಎತ್ತರ ಬರಬೇಕು. ಬರದಿದ್ದರೆ ಪ್ರಪೋರ್ಷನಿಂಗ್ ವಾಲ್ವಿನಲ್ಲಿ ಫಾಸ್ಫೇಟ್ ಬಫರಿನ ಉಪ್ಪು ಕಟ್ಟಿರಬಹುದು. ವಾಲ್ವ್ ಬಿಚ್ಚುವ ಮೊದಲು ಎಲ್ಲ ಲೈನ್‌ಗಳಲ್ಲೂ ಬರೀ ನೀರು ಹರಿಸಿ ತೊಳೆಯಿರಿ, ಆಮೇಲೆ ಇದೇ ಪರೀಕ್ಷೆ ಮತ್ತೊಮ್ಮೆ.