ಟರ್ಬೊ ಎಂಜಿನ್ನಿನ ಒಳಭಾಗಗಳು: ಕಂಪ್ರೆಷನ್ ಇಳಿದು ಮತ್ತೆ ಏರಿದ ಬಗೆ

ಸಾಧಾರಣ ಪೆಟ್ರೋಲ್ ಎಂಜಿನ್ನಿಗೆ ಟರ್ಬೊ ಕೂರಿಸಲು ಹೊರಟವರು ಮೊದಲು ಕೇಳುವುದು ಪಿಸ್ಟನ್ ಯಾವುದು ಹಾಕಬೇಕೆಂದು. ಅದಕ್ಕಿಂತ ಮೊದಲು ಇತ್ಯರ್ಥವಾಗಬೇಕಾದದ್ದು ಇಂಧನ ಮತ್ತು ಕಿಡಿಯ ಹಿಡಿತ. ಟರ್ಬೊ ಕಾರುಗಳ ಅರುವತ್ತು ವರ್ಷಗಳ ಇತಿಹಾಸ ನೋಡಿದರೆ, ಹಿಡಿತ ಸಡಿಲವಿದ್ದಾಗೆಲ್ಲ ಕಂಪ್ರೆಷನ್ ಅನುಪಾತ (ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬುದು) ಇಳಿದಿದೆ, ಹಿಡಿತ ಬಿಗಿಯಾದಂತೆ ಏರಿದೆ.

ಎಕ್ಸಾಸ್ಟ್ ಅನಿಲದಿಂದ ಟರ್ಬೈನ್ ತಿರುಗಿಸಿ ಗಾಳಿ ತುಂಬುವ ವಿಚಾರಕ್ಕೆ ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಪೇಟೆಂಟ್ ಪಡೆದಿದ್ದರು. ಅದು ಮಾರಾಟದ ಕಾರುಗಳಿಗೆ ಬಂದದ್ದು 1962ರಲ್ಲಿ, ಅಮೆರಿಕದಲ್ಲಿ. ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ತನ್ನ 10.25:1 ಕಂಪ್ರೆಷನ್ನನ್ನು ಬಿಟ್ಟುಕೊಡದೆ, ನಾಕಿಂಗ್ (ಮಿಶ್ರಣ ತಾನಾಗಿಯೇ ಸಿಡಿದು ಎಂಜಿನ್ ಬಡಿದುಕೊಳ್ಳುವುದು) ತಡೆಯಲು ನೀರು-ಮೆಥನಾಲ್ ಮಿಶ್ರಣ ಚಿಮ್ಮಿಸುತ್ತಿತ್ತು. ಮಾಲೀಕರು ಆ ದ್ರವ ತುಂಬಿಸಲು ಮರೆತರೆ ಬೂಸ್ಟ್, ಅಂದರೆ ಟರ್ಬೊ ಕೊಡುವ ಹೆಚ್ಚುವರಿ ಗಾಳಿಯೊತ್ತಡ, ಮೊಟಕಾಗುತ್ತಿತ್ತು. 1963ಕ್ಕೇ ಆ ಕಾರು ನಿಂತಿತು. 1962ರಲ್ಲೇ ಬಂದ ಶೆವ್ರೊಲೆ ಕಾರ್ವೇರ್ ಸ್ಪೈಡರ್ ಕಂಪ್ರೆಷನ್ನನ್ನು 8:1ಕ್ಕೆ ಇಳಿಸಿತ್ತು. ಮುಂದೆ ಎಲ್ಲರೂ ಹಿಡಿದದ್ದು ಈ ದಾರಿಯನ್ನೇ. 1973ರ ಬಿಎಂಡಬ್ಲ್ಯು 2002 ಟರ್ಬೊದಲ್ಲಿ 6.9:1, ಮೊದಲ ಪೋರ್ಷೆ 911 ಟರ್ಬೊದಲ್ಲಿ 6.5:1. ಕಾರಣ ಸರಳ: ಮೆಕ್ಯಾನಿಕಲ್ ಇಂಜೆಕ್ಷನ್ನಿಗೂ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೂ ನಾಕಿಂಗ್ ಕೇಳಿಸುತ್ತಿರಲಿಲ್ಲ. ಹಾಗಾಗಿ ಅತಿ ಕೆಟ್ಟ ಪರಿಸ್ಥಿತಿಗೆ ಬೇಕಾದಷ್ಟು ಅಂಚನ್ನು ಪಿಸ್ಟನ್ನಿನಲ್ಲೇ ಕೆತ್ತಿಡಬೇಕಿತ್ತು. ಬೂಸ್ಟ್ ಬರುವ ತನಕ ಎಂಜಿನ್ ಮಂಕಾಗಿರುತ್ತಿದ್ದುದು ಅದರ ಬೆಲೆ.

ತಿರುವು ಕೊಟ್ಟದ್ದು ಸ್ವೀಡನ್ನಿನ ಕಾರು ಕಂಪನಿ ಸಾಬ್. 1980ರ ದಶಕದ ಆರಂಭದಲ್ಲಿ ಅದರ ಎಪಿಸಿ ವ್ಯವಸ್ಥೆ ಬ್ಲಾಕಿನ ಮೇಲೊಂದು ನಾಕ್ ಸೆನ್ಸರ್ ಇಟ್ಟು, ಸದ್ದು ಬಂದೊಡನೆ ಬೂಸ್ಟ್ ಇಳಿಸತೊಡಗಿತು. ಅದರ ಹಿಂದಿನ 99 ಟರ್ಬೊ ಕಾರಿನಲ್ಲಿ 7.2:1 ಇದ್ದ ಕಂಪ್ರೆಷನ್ 8.5:1ಕ್ಕೆ ಏರಿತು. ಈಗಿನ ಡೈರೆಕ್ಟ್ ಇಂಜೆಕ್ಷನ್ ಟರ್ಬೊಗಳಲ್ಲಿ 10:1 ದಾಟುವುದು ಮಾಮೂಲು, ಏಕೆಂದರೆ ಸಿಲಿಂಡರಿನೊಳಗೇ ಆವಿಯಾಗುವ ಪೆಟ್ರೋಲ್ ಅಲ್ಲಿನ ಗಾಳಿಯನ್ನು ತಂಪಾಗಿಸುತ್ತದೆ.

ಈ ಹಿನ್ನೆಲೆಯಲ್ಲಿ ಎಂಜಿನ್ನನ್ನು ನಡೆಸುವ ಕಂಪ್ಯೂಟರ್ ಆದ ಇಸಿಯುವಿನಿಂದಲೇ ಶುರು ಮಾಡುವುದು ಸರಿ. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಒಳಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಸುಮಾರು 1 ಬಾರ್‌ವರೆಗೆ ಮಾತ್ರ ಓದುತ್ತದೆ. 0.7 ಬಾರ್ ಬೂಸ್ಟ್ ಎಂದರೆ ಒಟ್ಟು 1.7 ಬಾರ್, ಆ ಇಸಿಯುವಿಗೆ ಮೇಲಿನ ಭಾಗವೆಲ್ಲ ಕುರುಡು. 2.5 ಅಥವಾ 3 ಬಾರ್ ಸೆನ್ಸರ್, ಅದನ್ನು ಓದಿ ಇಂಧನ ಮತ್ತು ಟೈಮಿಂಗ್ (ಕಿಡಿ ಹಾರುವ ಗಳಿಗೆ) ಎರಡನ್ನೂ ತಾನೇ ನಡೆಸುವ ಸ್ವತಂತ್ರ ಇಸಿಯು, ಜೊತೆಗೆ ಎಕ್ಸಾಸ್ಟಿನಿಂದ ಗಾಳಿ-ಪೆಟ್ರೋಲ್ ಅನುಪಾತ ಅಳೆಯುವ ವೈಡ್‌ಬ್ಯಾಂಡ್ ಲ್ಯಾಂಬ್ಡಾ ಸೆನ್ಸರ್ ಬೇಕು. ಸಿಗ್ನಲ್ ತಿರುಚುವ ಪಿಗ್ಗಿಬ್ಯಾಕ್ ಪೆಟ್ಟಿಗೆ ಅಗ್ಗ, ಆದರೆ ಕಂಪನಿಯ ಇಸಿಯು ಲ್ಯಾಂಬ್ಡಾ ನೋಡಿ ಆ ತಿದ್ದುಪಡಿಯನ್ನು ಮೆಲ್ಲಗೆ ಅಳಿಸಿಹಾಕುತ್ತದೆ. ಪೂರ್ಣ ಬೂಸ್ಟಿನಲ್ಲಿ ಗಾಳಿ-ಪೆಟ್ರೋಲ್ ಅನುಪಾತ 11.5 ಸುತ್ತಮುತ್ತ ಇರಲಿ. ಟೈಮಿಂಗನ್ನು ಮೊದಲ ಅಂದಾಜಿಗೆ ಪ್ರತಿ ಪಿಎಸ್‌ಐ (ಸುಮಾರು 0.07 ಬಾರ್) ಬೂಸ್ಟಿಗೆ ಒಂದು ಡಿಗ್ರಿ ಹಿಂದಿಟ್ಟು ಶುರು ಮಾಡಿ. ನಾಕ್ ಸೆನ್ಸರಿಗೆ ಕಿವಿಗೊಡಬೇಕಾದ ಆವರ್ತನವನ್ನೂ ಹೇಳಬೇಕು: 86 ಮಿಮೀ ಬೋರಿಗೆ (ಸಿಲಿಂಡರಿನ ವ್ಯಾಸ) ಅದು ಸುಮಾರು 6.7 ಕಿಲೋಹರ್ಟ್ಸ್.

ಇಂಜೆಕ್ಟರ್ ಲೆಕ್ಕ ಕಷ್ಟದ್ದಲ್ಲ. ಟರ್ಬೊ ಎಂಜಿನ್ ಪ್ರತಿ ಅಶ್ವಶಕ್ತಿಗೆ ಗಂಟೆಗೆ 0.6 ಪೌಂಡ್ ಪೆಟ್ರೋಲ್ ಕುಡಿಯುತ್ತದೆಂದು ಹಿಡಿಯಿರಿ. 300 ಅಶ್ವಶಕ್ತಿಗೆ 180 ಪೌಂಡ್. ನಾಲ್ಕು ಸಿಲಿಂಡರಿಗೆ ಹಂಚಿ, ಇಂಜೆಕ್ಟರ್ ಶೇ 85ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದೆಂದು ಭಾಗಿಸಿದರೆ ಒಂದೊಂದೂ ನಿಮಿಷಕ್ಕೆ ಸುಮಾರು 550 ಸಿಸಿಯದ್ದಾಗಬೇಕು.

ಈಗ ಒಳಭಾಗ. ಎರಕದ ಪಿಸ್ಟನ್ ನಾಕಿಂಗಿಗೆ ಬಿರುಕುಬಿಡುವುದು ರಿಂಗುಗಳ ನಡುವಿನ ಪಟ್ಟಿಯಲ್ಲಿ. ಬಡಿದು ಮಾಡಿದ ಫೋರ್ಜ್ಡ್ ಪಿಸ್ಟನ್ನುಗಳಲ್ಲಿ ಅಲ್ಯುಮಿನಿಯಂ ಮಿಶ್ರಲೋಹದ ಎರಡು ಜಾತಿ. ಹೆಚ್ಚು ಸಿಲಿಕಾನ್ ಇರುವ 4032 ಕಡಿಮೆ ಹಿಗ್ಗುತ್ತದೆ, ಗೋಡೆಗೆ ಹತ್ತಿರ ಕೂರುತ್ತದೆ, ದಿನಬಳಕೆಗೆ ಸದ್ದಿಲ್ಲ. 2618 ಹೆಚ್ಚು ಗಟ್ಟಿಮುಟ್ಟು, ಆದರೆ ಹೆಚ್ಚು ಹಿಗ್ಗುವುದರಿಂದ ಹೆಚ್ಚು ಸಂದು ಬೇಡುತ್ತದೆ. ತಣ್ಣಗಿರುವಾಗ ಟಕಟಕ ಎನ್ನುತ್ತದೆ. ಹಳೆಯ ಪಿಸ್ಟನ್ನಿನ ಅಳತೆಗೇ ಸಿಲಿಂಡರ್ ಗೋಡೆಯನ್ನು ಉಜ್ಜಿ ಹೋನ್ ಮಾಡಿದರೆ ಬಿಸಿಯಾದಾಗ ಅದು ಹಿಡಿದುಕೊಳ್ಳುತ್ತದೆ. ಪಿಸ್ಟನ್ ತಯಾರಕರು ಕೊಟ್ಟ ಸಂದಿನ ಅಳತೆಯನ್ನು ಹೋನ್ ಮಾಡುವವರ ಕೈಗೆ ಬರೆದುಕೊಡಿ.

ರಿಂಗ್ ಗ್ಯಾಪಿನಲ್ಲಿ, ಅಂದರೆ ರಿಂಗಿನ ಎರಡು ತುದಿಗಳ ನಡುವಿನ ಸಂದಿನಲ್ಲಿ, ಕೈ ಬಿಗಿಹಿಡಿಯಬಾರದು. 86 ಮಿಮೀ ಬೋರಿನ ಟರ್ಬೊ ಎಂಜಿನ್ನಿಗೆ ಮೇಲಿನ ರಿಂಗಿನಲ್ಲಿ 0.43ರಿಂದ 0.5 ಮಿಮೀ ಬೇಕು. ತೀರಾ ಕಡಿಮೆಯಾದರೆ ತುದಿಗಳು ಒಂದಕ್ಕೊಂದು ಗುದ್ದಿ ಪಟ್ಟಿಯನ್ನೇ ಎಬ್ಬಿಸುತ್ತವೆ. ಆ ಮುರಿತವನ್ನು ನಾಕಿಂಗ್ ಎಂದು ತಪ್ಪಾಗಿ ಓದುವವರೂ ಉಂಟು.

ಕಂಪ್ರೆಷನ್ ಇಳಿಸಲು ದಪ್ಪ ಹೆಡ್ ಗ್ಯಾಸ್ಕೆಟ್ ಹಾಕುವುದು ಕೆಟ್ಟ ಉಪಾಯ. ಪಿಸ್ಟನ್ನಿಗೂ ಹೆಡ್ಡಿಗೂ ನಡುವಿನ ಸುಮಾರು 1 ಮಿಮೀ ಸ್ಕ್ವಿಶ್ ಅಂತರ ಹಿಗ್ಗಿಹೋಗಿ, ಮಿಶ್ರಣ ಕದಡುವುದು ನಿಂತು, ನಾಕಿಂಗ್ ಹೆಚ್ಚಬಹುದು. ನಡುವೆ ತಗ್ಗಿದ್ದು ಅಂಚು ಚಪ್ಪಟೆಯಾಗಿರುವ ಪಿಸ್ಟನ್ನಿನಿಂದ 8.5 ಅಥವಾ 9:1 ತಲುಪಿ. ಪೋರ್ಟ್ ಇಂಜೆಕ್ಷನ್ (ಸಿಲಿಂಡರಿನ ಹೊರಗೆ, ಗಾಳಿ ಬರುವ ದಾರಿಯಲ್ಲೇ ಪೆಟ್ರೋಲ್ ಚಿಮ್ಮಿಸುವ) ಎಂಜಿನ್ನಿಗೆ ಪಂಪಿನ ಪೆಟ್ರೋಲಿನಲ್ಲಿ 0.7 ಬಾರ್ ಬೂಸ್ಟಿಗೆ ಅಷ್ಟು ಸಾಕು.

ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೋಲ್ಟನ್ನು ಎಳೆಯುವುದು ಆರ್‌ಪಿಎಂ, ಆ ಎಳೆತವೂ ಆರ್‌ಪಿಎಂನ ವರ್ಗದಂತೆ (ದುಪ್ಪಟ್ಟಾದರೆ ನಾಲ್ಕು ಪಟ್ಟು) ಏರುತ್ತದೆ. ರಾಡನ್ನು ಬಗ್ಗಿಸುವುದು ಕಡಿಮೆ ಆರ್‌ಪಿಎಂನಲ್ಲಿ ಒಮ್ಮೆಲೇ ನುಗ್ಗುವ ಟಾರ್ಕ್. ಎರಡನೆಯದಕ್ಕೆ ಇಸಿಯುವಿನಲ್ಲೇ ಮದ್ದಿದೆ: 3000 ಆರ್‌ಪಿಎಂ ಒಳಗೆ ಪೂರ್ಣ ಬೂಸ್ಟ್ ಬಿಡದೆ ಮೆಲ್ಲಗೆ ಏರಿಸುವುದು.

ಮೊದಲ ಓಟದಲ್ಲಿ ಇಂಧನ ಒತ್ತಡದ ಗೇಜಿನ ಮೇಲೆ ಕಣ್ಣಿರಲಿ. ಮೂಲ ಒತ್ತಡ 3 ಬಾರ್ ಇದ್ದರೆ 0.7 ಬಾರ್ ಬೂಸ್ಟಿನಲ್ಲಿ 3.7 ತೋರಿಸಬೇಕು. ಮುಳ್ಳು ನಡುವೆಯೇ ನಿಂತರೆ ಪಂಪೋ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪೋ ಕೈಕೊಟ್ಟಿದೆ. ಆ ಕ್ಷಣವೇ ಆಕ್ಸಲರೇಟರಿನಿಂದ ಕಾಲು ತೆಗೆಯಿರಿ.