ಮೊದ್ಲು ನೀರು ಸುರೀರಿ, ಆಮೇಲೆ ಕಾರ್ ಹತ್ಸಿ

ಶಿವರಾತ್ರಿ ಹತ್ರ ಬರ್ತಿದ್ದ ಹಾಗೇ ಭಾನುವಾರ ಮಧ್ಯಾಹ್ನ ನನ್ನ ಪ್ರಾಣಿಗಳ ಕ್ಲಿನಿಕ್‌ಗೆ ಒಂದೇ ಥರದ ಕೇಸ್ ಬರೋಕೆ ಶುರುವಾಗತ್ತೆ, ಬಿಸಿಲಿಗೆ ಮೈ ಕಾದು ಬಿದ್ದ ನಾಯಿ, ಅಂದ್ರೆ ಹೀಟ್‌ಸ್ಟ್ರೋಕ್. ನಂದಿ ಬೆಟ್ಟದ ಸುತ್ತಮುತ್ತ, ಸ್ಕಂದಗಿರಿ, ಮಾಕಳಿದುರ್ಗ ಅಂತ ನಾಯಿ ಕರ್ಕೊಂಡು ಟ್ರೆಕ್ ಹೋಗಿರ್ತಾರೆ, ವಾಪಸ್ ಬರೋವಾಗ ಅದು ಹಿಂದಿನ ಸೀಟಲ್ಲಿ ಮಲಗಿರತ್ತೆ, ಏಳಲ್ಲ, ಬಾಯಲ್ಲಿ ಗಟ್ಟಿ ಜೊಲ್ಲು, ವಸಡು ಇಟ್ಟಿಗೆ ಕೆಂಪು, ಮುಟ್ಟಿದ್ರೆ ಮೈ ಸುಡ್ತಿರತ್ತೆ. ಮತ್ತೆ ಮೈ ಪೂರ್ತಿ ಒಣಗಿರತ್ತೆ. ನಂಗೆ ಸಿಟ್ಟು ಬರೋದು ಆ ಒಣ ಮೈ ನೋಡಿದಾಗ.

"ನೀರು ಹಾಕಿದ್ರಾ?" ಅಂತೀನಿ. "ಇಟ್ವಿ ಮೇಡಂ, ಕುಡೀಲೇ ಇಲ್ಲ." ಕುಡಿಯೋದು ಕೇಳಿಲ್ಲಪ್ಪ ನಾನು, ಮೈ ಮೇಲೆ ಹಾಕಿದ್ರಾ? "ಅಯ್ಯೋ ಇಲ್ಲ ಮೇಡಂ, ಬಿಸಿ ಮೈಗೆ ತಣ್ಣೀರು ಹಾಕಿದ್ರೆ ಶಾಕ್ ಆಗತ್ತಂತಲ್ಲ, ಅದಕ್ಕೇ ಎಸಿ ಜೋರು ಮಾಡ್ಕೊಂಡು ಸೀದಾ ಇಲ್ಲಿಗೇ ಬಂದ್ವಿ." ಸೀದಾ ಅಂದ್ರೆ ಭಾನುವಾರ ಏರ್‌ಪೋರ್ಟ್ ರೋಡಲ್ಲಿ ಒಂದೂವರೆ ಗಂಟೆ. ಡಿಕ್ಕಿಲಿ ನೋಡಿದ್ರೆ ಅರ್ಧ ತುಂಬಿರೋ ಇಪ್ಪತ್ತು ಲೀಟರ್ ಕ್ಯಾನ್.

ಆ ಕಡೆ ಹೋಗ್ಬೇಡಿ ಅಂತ ನಾನು ಯಾವತ್ತೂ ಹೇಳಲ್ಲ, ಒಳ್ಳೆ ಜಾಗ ಅದು. ಅರ್ಕಾವತಿ ಹುಟ್ಟೋದೇ ನಂದಿ ಬೆಟ್ಟದಲ್ಲಿ, ಆ ಕಣಿವೆ ಹಿಡಿದು ನಡೆದ್ರೆ ಕುರುಚಲು ಕಾಡು, ನೀಲಗಿರಿ ತೋಪು, ಅದು ದಾಟಿದ್ರೆ ದ್ರಾಕ್ಷಿ ತೋಟಗಳ ಚಪ್ಪರ, ಬ್ಯಾಂಗಲೂರ್ ಬ್ಲೂ ಬೆಳೆಯೋ ಊರುಗಳು. ನಾಯಿಗೆ ಆ ವಾಸನೆಗಳೇ ಒಂದು ಜಾತ್ರೆ. ಆದ್ರೆ ಮ್ಯಾಪಲ್ಲಿ ನೀಲಿ ಗೆರೆ ಇದೆ, ದಾರಿಲಿ ನೀರು ಸಿಗತ್ತೆ ಅಂದ್ಕೊಂಡು ಹೋಗ್ತಾರಲ್ಲ, ಸ್ವಾಮಿ, ಬೇಸಿಗೆಲಿ ಆ ಹಳ್ಳದಲ್ಲಿ ಬರೀ ಮರಳು. ಬೆಳಿಗ್ಗೆ ಹತ್ತೋವಾಗ ಸ್ವೆಟರ್ ಬೇಕು ಅನ್ನಿಸತ್ತೆ, ಮೇಲೆ ಫೋಟೋ ಎಲ್ಲ ಮುಗ್ಸಿ ಹತ್ತೂವರೆಗೆ ಇಳಿಯೋವಾಗ ಬಂಡೆ ಕಾದಿರತ್ತೆ, ನಾಯಿ ಹೊಟ್ಟೆ ಆ ಬಂಡೆಗೆ ಒಂದು ಗೇಣು ದೂರದಲ್ಲಿ ಇರತ್ತೆ.

"ಅವನೇ ಮುಂದೆ ಮುಂದೆ ಓಡ್ತಿದ್ದ, ಸುಸ್ತಾಗಿದ್ರೆ ನಿಲ್ತಿದ್ದ ಅಲ್ವಾ?" ಇದನ್ನೂ ಎಲ್ರೂ ಹೇಳ್ತಾರೆ. ನಿಲ್ಲಲ್ಲ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ಅಂತೂ ನೀವು ನಡೀತಿರೋವರೆಗೂ ನಡೆಯುತ್ವೆ. ಪಗ್, ಶಿಟ್ಜು, ಬುಲ್‌ಡಾಗ್ ಬಗ್ಗೆ ಹೇಳೋದೇ ಬೇಡ, ಅವುಗಳ ಮೂಗಿಗೆ ಏದುಸಿರು ಬಿಡೋದೇ ಒಂದು ಕೆಲಸ, ದಯವಿಟ್ಟು ಮನೇಲಿ ಬಿಟ್ಟು ಹೋಗಿ. ನಾಯಿಗೆ ನಮ್ಮ ಥರ ಮೈಯೆಲ್ಲ ಬೆವರಲ್ಲ, ಪಾದದಲ್ಲಿ ಸ್ವಲ್ಪ ಅಷ್ಟೇ, ಉಳಿದಿದ್ದೆಲ್ಲ ನಾಲಿಗೆ ಹೊರಗೆ ಹಾಕಿ ಉಸಿರಾಡಿನೇ ಬಿಸಿ ಕಳ್ಕೋಬೇಕು. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು 9 ಲಕ್ಷ ನಾಯಿಗಳ 2016ರ ದಾಖಲೆ ತೆಗೆದು ನೋಡಿದ್ರು, ಬಿಸಿಯಿಂದ ಕಾಯಿಲೆ ಬಿದ್ದಿದ್ದ ಕೇಸ್‌ಗಳಲ್ಲಿ ಸುಮಾರು ಮುಕ್ಕಾಲು ಪಾಲು ಓಡಾಟ ವ್ಯಾಯಾಮದಿಂದಾನೇ ಆಗಿದ್ದು, ಮುಚ್ಚಿದ ಕಾರಲ್ಲಿ ಬಿಟ್ಟಿದ್ದಕ್ಕಲ್ಲ. ಕಾಯಿಲೆ ಬಿದ್ದಿದ್ರಲ್ಲಿ ಏಳಕ್ಕೆ ಒಂದು ಸತ್ತಿತ್ತು. ಅದೂ ಬ್ರಿಟನ್‌ನಂಥ ತಂಪು ದೇಶದಲ್ಲಿ.

ಈಗ ಆ ಶಾಕ್ ವಿಷಯ. ಹಳೇ ಪುಸ್ತಕಗಳಲ್ಲಿ ಹಾಗೆ ಇತ್ತು ನಿಜ, ತಣ್ಣೀರು ಹಾಕಿದ್ರೆ ಚರ್ಮದ ರಕ್ತನಾಳ ಮುಚ್ಕೊಂಡು ಬಿಸಿ ಒಳಗೇ ಉಳಿಯತ್ತೆ, ಉಗುರುಬೆಚ್ಚಗಿನ ನೀರು ಹಾಕಿ ಅಂತ. ಈಗ ಅದನ್ನ ಬಿಟ್ಟಿದ್ದೀವಿ. ನಾಯಿ ಮೈಗಿಂತ ತಣ್ಣಗಿರೋ ಯಾವ ನೀರಾದ್ರೂ ಸರಿ, ಕ್ಯಾನ್ ನೀರು, ತೊಟ್ಟಿ ನೀರು, ಬೋರ್‌ವೆಲ್ ನೀರು. ನಾಯಿ ಮಾಮೂಲಿ ಟೆಂಪರೇಚರ್ 101ರಿಂದ 102.5 ಫ್ಯಾರನ್‌ಹೀಟ್, 106 ದಾಟಿತು ಅಂದ್ರೆ ಮೆದುಳು, ಕರುಳು, ಕಿಡ್ನಿ ಒಳಗಿಂದಾನೇ ಹಾಳಾಗ್ತಾ ಹೋಗತ್ತೆ, ಎಷ್ಟು ಹೊತ್ತು ಅಷ್ಟು ಬಿಸಿ ಇತ್ತು ಅನ್ನೋದೇ ಮುಖ್ಯ. ನಾನು ಕ್ಲಿನಿಕ್ಕಲ್ಲಿ ಮೊದಲು ಮಾಡೋದೂ ಅದನ್ನೇ, ನೀರು ಹಾಕಿ ಫ್ಯಾನ್ ಹಚ್ಚೋದು. ಡ್ರಿಪ್ ಆಮೇಲೆ. ನೀವು ಅಲ್ಲೇ ಮಾಡಬಹುದಾಗಿದ್ದ ಕೆಲಸಾನ ನಾನು ಒಂದೂವರೆ ಗಂಟೆ ತಡವಾಗಿ ಮಾಡ್ತೀನಿ, ಅಷ್ಟೇ ವ್ಯತ್ಯಾಸ, ಆದ್ರೆ ಕೆಲವು ನಾಯಿಗಳಿಗೆ ಆ ವ್ಯತ್ಯಾಸದಲ್ಲೇ ಪ್ರಾಣ ಹೋಗತ್ತೆ.

ಹೋದ ಬೇಸಿಗೆಲಿ ಒಬ್ಬ ಹುಡುಗ, ಒಬ್ಬ ಹುಡುಗಿ ತಮ್ಮ ಗೋಲ್ಡನ್ ರಿಟ್ರೀವರ್ ಕರ್ಕೊಂಡು ಹೋಗಿದ್ರು, ದೊಡ್ಡಬಳ್ಳಾಪುರ ಕಡೆ ಒಂದು ದ್ರಾಕ್ಷಿ ತೋಟದ ಬೇಲಿ ಹತ್ರ ಅದು ಬಿದ್ದುಬಿಟ್ಟಿದೆ. ಹುಡುಗ ಗಾಬರಿಲಿ ಅಲ್ಲೇ ಇದ್ದ ಔಷಧಿ ಹೊಡೆಯೋ ಪಂಪ್ ಎತ್ತಿಕೊಳ್ಳೋಕೆ ಹೋಗಿದ್ದಾನೆ, ತೋಟದ ಯಜಮಾನ್ರು ಓಡಿ ಬಂದು "ಅದ್ ಮುಟ್ಬ್ಯಾಡ ಕಣಪ್ಪಾ, ಮೈಲುತುತ್ತ ಐತೆ ಅದ್ರಾಗೆ" ಅಂತ ಬೈದು, ಮೋಟ್ರು ಆನ್ ಮಾಡಿ, ಪೈಪ್ ತಂದು ಹೊಟ್ಟೆ ತೊಡೆ ಸಂದಿ ಎಲ್ಲ ನೆನೆಯೋ ಹಾಗೆ ನೀರು ಬಿಟ್ಟು, ಹೆಂಡ್ತಿ ಕೈಲಿ ಗೋಣಿಚೀಲದಲ್ಲಿ ಗಾಳಿ ಹಾಕ್ಸಿದ್ದಾರೆ. ಹದಿನೈದು ನಿಮಿಷಕ್ಕೆ ತಲೆ ಎತ್ತಿದೆ. ಆ ಹುಡುಗಿ ನನ್ನ ಹತ್ರ ಹೇಳಿದ್ದು, ಇವರು ಥ್ಯಾಂಕ್ಸ್ ಹೇಳೋಕೆ ಹೋದ್ರೆ ಅವರು "ಎಮ್ಮೆಗೂ ಇಷ್ಟೇ ಮಾಡಾದು, ಬಿಸ್ಲಾಗೆ ಯಾಕ್ ತಿರುಗ್ತೀರಿ" ಅಂತ ಇನ್ನೊಂದು ಸುತ್ತು ಬೈದು ಮೋಟ್ರು ಆಫ್ ಮಾಡೋಕೆ ಹೋದ್ರಂತೆ. ನನ್ನ ಹತ್ರ ಬಂದಾಗ ಆ ನಾಯಿ ಒದ್ದೆಯಾಗಿತ್ತು. ನಂಗೆ ಎಷ್ಟು ಖುಷಿಯಾಯ್ತು ಅಂದ್ರೆ ಆ ಯಜಮಾನ್ರನ್ನೇ ಕ್ಲಿನಿಕ್ಕಲ್ಲಿ ಕೆಲಸಕ್ಕೆ ಇಟ್ಕೊಳ್ಳೋಣ ಅನ್ನಿಸ್ತು.

ಹಾಗಾಗಿ ನೆರಳಿಗೆ ಎತ್ಕೊಂಡು ಹೋಗಿ, ಚರ್ಮ ನೆನೆಯೋವರೆಗೂ ನೀರು ಸುರೀರಿ, ಗೋಲ್ಡನ್, ಹಸ್ಕಿ ಥರ ಕೂದ್ಲು ಜಾಸ್ತಿ ಇದ್ರೆ ಕೈಯಲ್ಲಿ ಕೂದ್ಲು ಬಿಡಿಸಿ ಸುರೀರಿ, ಗಾಳಿ ಹಾಕ್ತಾ ಇರಿ. ಒದ್ದೆ ಟವೆಲ್ ಹೊದಿಸಿ ಬಿಡೋದು ಬೇಡ, ಸ್ವಲ್ಪ ಹೊತ್ತಿಗೆ ಅದೇ ಕಂಬಳಿ ಆಗ್ಬಿಡತ್ತೆ. ವಯಸ್ಸಾದ ನಾಯಿ, ಹಾರ್ಟ್ ತೊಂದ್ರೆ ಇರೋ ನಾಯಿ ಆದ್ರೆ ತೊಟ್ಟಿಲಿ ಮುಳುಗಿಸ್ಬೇಡಿ, ಸುರಿದು ಗಾಳಿ ಹಾಕಿದ್ರೆ ಸಾಕು. ಪ್ರಜ್ಞೆ ಇಲ್ಲದ ನಾಯಿ ಬಾಯಿಗೆ ನೀರು, ಗ್ಲೂಕೋಸ್, ಮಜ್ಜಿಗೆ ಏನೂ ಹಾಕ್ಬೇಡಿ, ಶ್ವಾಸಕೋಶಕ್ಕೆ ಹೋಗತ್ತೆ. ಮತ್ತೆ ಪ್ಯಾರಾಸಿಟಮಾಲ್! ಜ್ವರ ಇದೆ ಅಂತ ಮಾತ್ರೆ ಕೊಟ್ಟು ಬರೋರೂ ಇದ್ದಾರೆ. ಇದು ಜ್ವರ ಅಲ್ಲ, ಆ ಮಾತ್ರೆಗೆ ಈ ಬಿಸಿ ಇಳಿಯಲ್ಲ, ಮೇಲಿಂದ ಲಿವರ್‌ಗೆ ಪೆಟ್ಟು. ಥರ್ಮಾಮೀಟರ್ ಇದ್ರೆ ಗುದದ್ವಾರದಲ್ಲಿ ಇಟ್ಟು ನೋಡಿ, 103.5ಕ್ಕೆ ಇಳಿದ ಮೇಲೆ ನೀರು ನಿಲ್ಲಿಸಿ, ಇಲ್ಲದಿದ್ರೆ ಜಾಸ್ತಿ ಇಳಿದುಬಿಡತ್ತೆ. ಥರ್ಮಾಮೀಟರ್ ಇಲ್ವಾ, ಎದ್ದು ಕೂತು ಉಸಿರು ನಿಧಾನ ಆಗೋವರೆಗೂ ಸುರೀರಿ, ನಡುಗೋಕೆ ಶುರು ಮಾಡಿದ್ರೆ ನಿಲ್ಲಿಸಿ. ಅಷ್ಟರಲ್ಲಿ ಇನ್ನೊಬ್ರು ಡಾಕ್ಟರ್‌ಗೆ ಫೋನ್ ಮಾಡ್ಲಿ, ಹತ್ತಿರದೋರಿಗೆ, ನಂಗೇ ಅಂತಲ್ಲ.

ಉಳಿದಿದ್ದು ನಿಮಗೆ ಗೊತ್ತಿರೋದೇ, ಉಣ್ಣೆ ಹುಳ ಬಾರದಿರೋ ಮಾತ್ರೆ ಮೊದಲೇ ಕೊಡಿ, ಆ ಬೆಟ್ಟಗಳಲ್ಲಿ ಚಿರತೆ ಇದೆ, ಬೆಲ್ಟ್ ಬಿಚ್ಚಬೇಡಿ. ದ್ರಾಕ್ಷಿ ಬಗ್ಗೆ ಮಾತ್ರ ಒಂದು ಮಾತು: ಚಪ್ಪರದ ಕೆಳಗೆ ಉದುರಿರೋದನ್ನ ನಾಯಿ ತಿಂದ್ರೆ ಕಿಡ್ನಿ ಹೋಗಬಹುದು, ಯಾವ ನಾಯಿಗೆ ಎಷ್ಟು ತಿಂದ್ರೆ ಆಗತ್ತೆ ಅಂತ ಮೊದಲೇ ಹೇಳೋಕಾಗಲ್ಲ, ಅದಕ್ಕೇ ಒಂದೆರಡು ತಿಂದ್ರೂ ಫೋನ್ ಮಾಡಿ.

ನೀರು ಹಾಕಿದ ಮೇಲೆ ಎದ್ದು ಬಾಲ ಅಲ್ಲಾಡಿಸ್ತು ಅಂತ ಮನೆಗೆ ಹೋಗ್ಬೇಡಿ, ಅವತ್ತೇ ಡಾಕ್ಟರ್‌ಗೆ ತೋರಿಸಿ. ರಕ್ತ ಹೆಪ್ಪುಗಟ್ಟೋದ್ರಲ್ಲಿ ಏರುಪೇರು, ಕಿಡ್ನಿ ಪೆಟ್ಟು ಇವೆಲ್ಲ ಒಂದು ದಿನ, ಎರಡು ದಿನ, ಕೆಲವು ಸಲ ಮೂರನೇ ದಿನ ಕಾಣಿಸ್ಕೊಳ್ಳತ್ತೆ. ಮೂತ್ರ ಕಾಫಿ ಬಣ್ಣ, ಭೇದೀಲಿ ರಕ್ತ, ಹೊಟ್ಟೆ ಚರ್ಮದ ಮೇಲೆ ಕೆಂಪು ಚುಕ್ಕೆ ಕಂಡ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ರಾತ್ರಿ ಎಷ್ಟೊತ್ತಾದ್ರೂ ಕರ್ಕೊಂಡು ಬನ್ನಿ.