ನೋಟಿಸಿಗೆ ಸೀಮಿತವಾದ ಸೂರಿನ ಹಕ್ಕು

ಮುಂಬೈಯ ಪಾದಚಾರಿ ಮಾರ್ಗಗಳಲ್ಲಿದ್ದ ಗುಡಿಸಲುಗಳನ್ನು ಕೆಡವಿ, ಅವುಗಳ ನಿವಾಸಿಗಳನ್ನು ಅವರವರ ಊರಿಗೆ ಕಳುಹಿಸುವುದಾಗಿ ಮಹಾರಾಷ್ಟ್ರದ ಅಂದಿನ ಮುಖ್ಯಮಂತ್ರಿ ಎ.ಆರ್. ಅಂತುಲೆ 1981ರ ಜುಲೈನಲ್ಲಿ ಪ್ರಕಟಿಸಿದರು. ಸೇಲಂ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದು, ಹೆದ್ದಾರಿ ಬದಿಯ ಪ್ಲಾಸ್ಟಿಕ್ ಹೊದಿಕೆಯ ಸೂರಿಗಾಗಿ ಕೊಳೆಗೇರಿಯ ದಲ್ಲಾಳಿಗೆ 2,500 ರೂಪಾಯಿ ತೆತ್ತಿದ್ದ ಕೂಲಿಕಾರನೊಬ್ಬನನ್ನು ಹೆಂಡತಿ ಮಕ್ಕಳ ಸಮೇತ ಬಸ್ಸು ಹತ್ತಿಸಿ ವಾಪಸು ಕಳುಹಿಸಲಾಯಿತು. ಕುಟುಂಬವನ್ನು ಊರಲ್ಲೇ ಬಿಟ್ಟು ಆತ ಮತ್ತೆ ಮುಂಬೈಯ ಪಾದಚಾರಿ ಮಾರ್ಗಕ್ಕೇ ಮರಳಿದ. ಇಂಥವರ ಅರ್ಜಿಗಳೇ, ಅರ್ಜಿದಾರರಲ್ಲೊಬ್ಬರಾದ ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಹೆಸರಿನ ಪ್ರಕರಣವಾಗಿ ಸುಪ್ರೀಂ ಕೋರ್ಟಿನ ಮುಂದೆ ಬಂದವು.

ಜೀವನೋಪಾಯದ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಅಡಗಿದೆ ಎಂದು ಐವರು ನ್ಯಾಯಮೂರ್ತಿಗಳ ಪೀಠ 1985ರಲ್ಲಿ ಹೇಳಿತು. ಈ ಮಾತನ್ನು ಎಲ್ಲರೂ ನೆನೆಯುತ್ತಾರೆ. ನೋಟಿಸು ಕೊಟ್ಟು ತೆರವುಗೊಳಿಸಬಹುದೆಂದೂ, 1976ರ ಗಣತಿಯಲ್ಲಿ ಗುರುತಿನ ಚೀಟಿ ಪಡೆದವರಿಗೆ ಬದಲಿ ಜಾಗ ಕೊಡಬೇಕೆಂದೂ ಅದೇ ತೀರ್ಪು ಹೇಳಿದ್ದನ್ನು ನೆನೆಯುವವರು ಕಡಿಮೆ.

ಕರ್ನಾಟಕದಲ್ಲೂ ಕಾಗದವೇ ನಿರ್ಣಾಯಕ. 1973ರ ಕೊಳಚೆ ಪ್ರದೇಶಗಳ ಕಾಯ್ದೆಯಡಿ ಕೊಳೆಗೇರಿಯೆಂದು ಘೋಷಣೆಯಾದ ಬಡಾವಣೆಗೆ ಹಕ್ಕುಪತ್ರದ ದಾರಿಯಾದರೂ ಇದೆ. ಅಘೋಷಿತ ಕೊಳೆಗೇರಿಯ ಪಾಡು ಅಧಿಕಾರಿಗಳ ಮರ್ಜಿಗೆ ಬಿಟ್ಟದ್ದು. ಮೂಲ ತೊಡಕು ಇನ್ನೂ ಆಳದಲ್ಲಿದೆ ಎಂಬುದು ನನ್ನ ಅಭಿಪ್ರಾಯ: ನಗರದ ಭೂಬಳಕೆಯನ್ನು ನಿರ್ಧರಿಸುವುದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, ಬಡವರ ವಸತಿಯನ್ನು ನೋಡಿಕೊಳ್ಳುವುದು ಬೇರೆ ಕಾಯ್ದೆ, ಬೇರೆ ಮಂಡಳಿ. ಹೀಗಾಗಿ ನಗರವನ್ನು ಕಟ್ಟುವ, ಗುಡಿಸುವ, ಮನೆಗೆಲಸ ಮಾಡುವ ಜನ ಎಲ್ಲಿ ವಾಸಿಸಬೇಕೆಂಬ ಪ್ರಶ್ನೆ ನಕ್ಷೆ ಬರೆಯುವಾಗ ಏಳುವುದೇ ಇಲ್ಲ, ಜೆಸಿಬಿ ಬಂದು ನಿಂತಾಗ ಏಳುತ್ತದೆ.

ಬೆಂಗಳೂರಿನ ಈಜಿಪುರದಲ್ಲಿ ಆದದ್ದೂ ಇದೇ. ಆರ್ಥಿಕವಾಗಿ ದುರ್ಬಲರಾದವರಿಗೆಂದು ಪಾಲಿಕೆಯೇ ಕಟ್ಟಿಸಿದ ವಸತಿಗೃಹಗಳು ಕುಸಿದ ಮೇಲೆ ಜನ ಅಲ್ಲೇ ಶೆಡ್ಡುಗಳಲ್ಲಿ ಉಳಿದಿದ್ದರು. ಅಲ್ಲಿನ ಜಮೀನಿನ ಒಂದು ಭಾಗದಲ್ಲಿ ಮಾಲ್ ನಿರ್ಮಿಸಲು ಖಾಸಗಿ ಸಹಭಾಗಿತ್ವದ ಒಪ್ಪಂದವಾಯಿತು, 2013ರ ಜನವರಿಯಲ್ಲಿ ಪೊಲೀಸ್ ಕಾವಲಿನಲ್ಲಿ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಎಬ್ಬಿಸಲಾಯಿತು. ಬಡವರಿಗೆಂದೇ ಮೀಸಲಿಟ್ಟ ನೆಲಕ್ಕೇ ಈ ಗತಿಯಾದರೆ ಮೀಸಲೇ ಇಲ್ಲದ ಕಡೆಯ ಸ್ಥಿತಿಯನ್ನು ವಿವರಿಸಬೇಕಿಲ್ಲ.

ನ್ಯಾಯಾಲಯಗಳು ಮುಂದೆಯೂ ಮಾತಾಡಿವೆ. ದೆಹಲಿಯ ಶಕೂರ್ ಬಸ್ತಿ ತೆರವಿನ ಪ್ರಕರಣದಲ್ಲಿ ಅಲ್ಲಿನ ಹೈಕೋರ್ಟ್ 2019ರಲ್ಲಿ, ನಿವಾಸಿಗಳೊಡನೆ ಸಮಾಲೋಚಿಸಿ ಪುನರ್ವಸತಿಗೆ ಏರ್ಪಾಡು ಮಾಡದೆ ಒಕ್ಕಲೆಬ್ಬಿಸುವಂತಿಲ್ಲ ಎಂದಿತು. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಕಟ್ಟಡ ಕೆಡವುವ ಮುನ್ನ 15 ದಿನಗಳ ನೋಟಿಸನ್ನು ಕಡ್ಡಾಯಗೊಳಿಸಿತು. ಆದರೆ ರಸ್ತೆ, ಪಾದಚಾರಿ ಮಾರ್ಗ, ರೈಲು ಹಳಿಯ ಪಕ್ಕ ಮತ್ತು ಜಲಮೂಲಗಳ ಮೇಲಿನ ಅನಧಿಕೃತ ನಿರ್ಮಾಣಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ.